ರೇವಣ್ಣನ ಗೋಡು

ಕೆರೆಯ ಗೋಡು ಎಂದರೆ ಸಿದ್ದರಕಟ್ಟೆಯವರು ಉಣ್ಣುವ ತಟ್ಟೆ ಬಿಟ್ಟು ಏಳುತ್ತಾರೆ. ಮಳೆಗಾಲದಲ್ಲಿ ಹೊಲದ ಮೇಲ್ಮಣ್ಣು, ದನದ ಸಗಣಿ, ಕೊಳೆತ ಎಲೆ ಎಲ್ಲ ಕೊಚ್ಚಿಕೊಂಡು ಬಂದು ಕೆರೆಯ ತಳದಲ್ಲಿ ಕೂತು ಆಗುವ ಕಪ್ಪು ಮಣ್ಣು ಅದು. ಬೇಸಿಗೆಯಲ್ಲಿ ಕೆರೆ ಬತ್ತಿ ತಳ ಬಿರುಕು ಬಿಟ್ಟಿತೆಂದರೆ ಸಾಕು, ಗಾಡಿಗಳು ಸಾಲುಗಟ್ಟಿ ಇಳಿಯುತ್ತವೆ. ತೆಂಗಿನ ಬುಡಕ್ಕೆ ಗೋಡು ಬಿದ್ದರೆ ಮರ ಮಾತಾಡುತ್ತದೆ ಎಂದು ನಂಬಿದ ಸೀಮೆ. ಶೆಟ್ಟಿಕೆರೆಯಿಂದ ತಿಪಟೂರಿನವರೆಗೆ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಮಿಕ್ಕೆಲ್ಲ ವಿಷಯಕ್ಕೆ ಕಚ್ಚಾಡುವವರೂ ಈ ಒಂದು ವಿಷಯಕ್ಕೆ ಒಟ್ಟಿಗೆ ತಲೆಯಾಡಿಸುತ್ತಾರೆ. ಕೆರೆಗೆ ಮಣ್ಣು ಬಂದು ಬೀಳುವುದು ಕೇಡು ಎಂದು ಯಾವುದಾದರೂ ಕಾಗದದಲ್ಲಿ ಅಚ್ಚಾಗಿದ್ದರೆ, ಅದನ್ನು ಬರೆದ ಪುಣ್ಯಾತ್ಮ ಜನ್ಮದಲ್ಲಿ ತೆಂಗಿನ ಮರ ನೋಡಿಲ್ಲ ಎಂದೇ ಇವರ ತೀರ್ಮಾನ.

ರೇವಣಸಿದ್ದಯ್ಯನೂ ಹಾಗೇ ತೀರ್ಮಾನಿಸಿದ. ಅವನು ತೀರ್ಮಾನಿಸಬಾರದಾಗಿತ್ತು. ಆ ಕಾಗದದಲ್ಲಿ ಇದ್ದದ್ದನ್ನು ಮಾಡಿಸುವುದಕ್ಕೇ ಅವನಿಗೆ ಸಂಬಳ ಬರುತ್ತಿತ್ತು.

ಎಂಬತ್ತೊಂದನೇ ಇಸವಿಯಲ್ಲಿ ಸಿದ್ದರಕಟ್ಟೆಗೆ ಜೂನಿಯರ್ ಕಾಲೇಜು ಮಂಜೂರಾಗಿತ್ತು. ಊರ ಮೂಡಲಿಗೆ, ಕೆರೆಯ ಮೇಲ್ಮಗ್ಗುಲಲ್ಲಿದ್ದ ಬಿಳಿದಿಣ್ಣೆಯನ್ನು ಅರ್ಧಕ್ಕರ್ಧ ಕಡಿದು ಸಮ ಮಾಡಿ ಅಲ್ಲೊಂದು ಕಟ್ಟಡ, ಅದರ ಮುಂದೊಂದು ಆಟದ ಬಯಲು. ಕೆಲಸದ ಮೇಲ್ವಿಚಾರಣೆಗೆ ವರ್ಕ್ ಇನ್ಸ್‌ಪೆಕ್ಟರ್ ಎಂದು ಬಂದವನು ರೇವಣಸಿದ್ದಯ್ಯ. ಬಂದವನು ಅನ್ನುವುದಕ್ಕಿಂತ ವಾಪಸಾದವನು ಅನ್ನಬೇಕು. ಅವನು ತೊಟ್ಟಿಲಲ್ಲಿದ್ದಾಗಲೇ ತಾಯಿ ಕಣ್ಣುಮುಚ್ಚಿದ್ದಳು. ಅವಳ ಅಕ್ಕ ಗುರುಸಿದ್ದಮ್ಮ ಕೂಸನ್ನು ತನ್ನ ಗಂಡನ ಊರಾದ ಸಿದ್ದರಕಟ್ಟೆಗೆ ತಂದು ಸಾಕಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಅವನಿಗೆ ಅವಳು ದೊಡ್ಡಮ್ಮ, ಊರಿಗೆ ಅವನು ರೇವಣ್ಣ. ಈಗ ಜೇಬಿನಲ್ಲಿ ಪೆನ್ನು, ಕೈಯಲ್ಲಿ ಅಳತೆ ಟೇಪು, ಕೂರುವುದಕ್ಕೆ ಇಲಾಖೆಯ ಸೈಕಲ್ಲು. ನಮ್ಮ ಹುಡುಗ ಆಫೀಸರಾಗಿ ನಮ್ಮೂರಿಗೇ ಬಂದ ಎಂದು ಊರು ಹಿಗ್ಗಿತು. ರೇವಣ್ಣನೂ ಹಿಗ್ಗಿ ಹೀರೇಕಾಯಿಯಾದ.

ಗುರುಸಿದ್ದಮ್ಮನಿಗೆ ಇದ್ದದ್ದು ಎರಡು: ಈ ಹುಡುಗ ಮತ್ತು ಕೆರೆಯ ಕೆಳಗಿನ ತೆಂಗಿನ ತೋಟ. ಅವಳ ಗಂಡ ತೀರಿಕೊಂಡಾಗ ಮೈದುನ ಕಾಡಸಿದ್ದಪ್ಪ, ತೋಟ ನಾನು ನೋಡಿಕೊಳ್ಳುತ್ತೇನೆ, ಅತ್ತಿಗೆಗೆ ಊಟಕ್ಕೆ ಬಟ್ಟೆಗೆ ನಾನು ಇದ್ದೇನೆ ಎಂದು ಎದೆ ಮುಂದೆ ಮಾಡಿ ನಿಂತಿದ್ದ. ಹೆಂಗಸಿನ ಕೈಯಲ್ಲಿ ತೋಟ ಉಳಿಯುವುದುಂಟೆ ಎಂಬುದು ಅವನ ಪ್ರಶ್ನೆ. ಹಿರಿಯರು ಕೂತು ಯೋಚಿಸಿ ಒಂದು ಮಾತು ಕಟ್ಟಿದರು. ತೋಟ ಹಸಿರಾಗಿರುವ ತನಕ ಯಜಮಾನಿಕೆ ಅವಳದು. ಕೆಟ್ಟರೆ ಮೈದುನನ ಸುಪರ್ದಿಗೆ. ಆ ಮಾತು ಕೇಳಿದ ದಿನದಿಂದ ಗುರುಸಿದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದವಳು ಬಿಚ್ಚಲಿಲ್ಲ. ಕಾಡಸಿದ್ದಪ್ಪನ ತೋಟ ಬೇಲಿಯ ಆಚೆಗೇ ಇತ್ತು. ಎರಡರಲ್ಲಿ ಯಾವುದು ಹೆಂಗಸಿನ ಕೈಯದು ಎಂದು ಹೊಸಬರನ್ನು ಕೇಳಿದರೆ ಅವರು ಒಣಗಿದ್ದರ ಕಡೆ ಕೈ ತೋರಿಸಿ ಕಾಡಸಿದ್ದಪ್ಪನ ಮುಖ ಕೆಂಪಗೆ ಮಾಡುತ್ತಿದ್ದರು.

ಕೆಲಸ ಶುರುವಾದ ಹೊಸದರಲ್ಲಿ ಎಂಜಿನಿಯರು ಜೀಪಿನಲ್ಲಿ ಬಂದು ಗುತ್ತಿಗೆಯ ಷರತ್ತುಗಳನ್ನು ರೇವಣ್ಣನಿಂದಲೇ ಓದಿಸಿದರು. ಅವರು ಬೇರೆ ಸೀಮೆಯವರು, ಮಾತು ಕಮ್ಮಿ. ಷರತ್ತಿನಲ್ಲಿ ಹೀಗಿತ್ತು: ದಿಣ್ಣೆಯಿಂದ ಅಗೆದ ಒಳಮಣ್ಣನ್ನು ಕೆರೆಯ ಕಡೆಯ ಇಳಿಜಾರಿನಲ್ಲಿ ಬರಿದೇ ಬಿಡತಕ್ಕದ್ದಲ್ಲ. ಮುಂಗಾರಿಗೆ ಮುಂಚೆ ರಾಶಿಯ ಕೆಳಬದಿಗೆ ಕಲ್ಲೊಡ್ಡು ಕಟ್ಟಿ, ಒಡ್ಡಿನ ಒಳಮಗ್ಗುಲಲ್ಲಿ ಹೂಳುಗುಂಡಿ ತೋಡಿ, ರಾಶಿಯ ಮೇಲೆ ಗರಿಕೆಯ ಹಾಸು ಹೊದಿಸತಕ್ಕದ್ದು. 'ಒಳಮಣ್ಣು' ಎಂಬ ಮಾತು ಅಲ್ಲಿ ಸ್ಪಷ್ಟವಾಗಿತ್ತು. ರೇವಣ್ಣ ಅದನ್ನು ಗಟ್ಟಿಯಾಗಿಯೇ ಓದಿದ್ದ. ಓದುವುದಕ್ಕೂ ಕಿವಿಗೆ ಹಾಕಿಕೊಳ್ಳುವುದಕ್ಕೂ ಬಹಳ ದೂರ.

ಒಡ್ಡಿಗೆಂದು ಕಲ್ಲು ಬಂದು ಬಿದ್ದವು. ಸಂಜೆ ಊರು ಅವನನ್ನು ಹಿಡಿಯಿತು. ಕೊಬ್ಬರಿ ವ್ಯಾಪಾರದ ಶಂಭುಲಿಂಗಯ್ಯನ ಅಂಗಡಿ ಜಗಲಿ ಎಂದರೆ ಸಿದ್ದರಕಟ್ಟೆಯ ವಿಧಾನಸೌಧ. ಶಂಭುಲಿಂಗಯ್ಯ ಊರ ಹಿರಿಯ, ಅವನ ಮಾತು ಕೊನೆಯ ಮಾತು. ಆದರೆ ಮೊದಲ ಮಾತು ಯಾವಾಗಲೂ ಹುಚ್ಚಣ್ಣನದು.

"ಅಲ್ಲ ಕಣ್ಲಾ ರೇವಣ್ಣ, ಕೆರೆಗ್ ಬರೋ ಗೋಡ್ನ ಕಲ್ಲಾಕಿ ತಡೀತೀಯಂತಲ್ಲ! ನಿಂಗೇನು ಮಂಡೆ ಗಿಂಡೆ ಕೆಟ್ಟೈತಾ?" ಎಂದ ಹುಚ್ಚಣ್ಣ.

"ಷರತ್ತು ಹಂಗೈತೆ ಕಣಣ್ಣ."

"ಷರತ್ತಿಗೇನು ತ್ವಾಟ ಐತಾ?" ಎಂದು ಹುಚ್ಚಣ್ಣ ಕೇಳಿದ. ಜಗಲಿ ನಕ್ಕಿತು.

ಶಂಭುಲಿಂಗಯ್ಯ ಎಲೆಯಡಿಕೆ ಒಂದು ಕೆನ್ನೆಗೆ ಒತ್ತರಿಸಿಕೊಂಡು ಸಮಾಧಾನದಿಂದ ಹೇಳಿದ. "ನೋಡಪ್ಪ, ನೀನು ನಮ್ಮೂರ ಹುಡ್ಗ. ಬ್ಯಾರೆಯವ್ನಾಗಿದ್ರೆ ನಾವು ಕೇಳ್ತಿರ್ನಿಲ್ಲ. ಎಲ್ಡು ಮಳೆ ಬಿದ್ರೆ ದಿಣ್ಣೆ ಮಣ್ಣು ತಾನಾಗಿ ಕೆರೆಗಿಳೀತದೆ. ಬ್ಯಾಸ್ಗೆಗೆ ಊರಿಗೆಲ್ಲ ಗೋಡು. ಬುಟ್ಬುಡು."

ನಮ್ಮೂರ ಹುಡುಗ ಎಂಬ ಮಾತಿಗೆ ರೇವಣ್ಣ ಕರಗಿದ. ಲಂಚ ತಿನ್ನುವವನಲ್ಲ ಅವನು, ಒಂದು ಕಾಯಿ ಕೂಡ ಪುಗಸಟ್ಟೆ ಮುಟ್ಟಿದವನಲ್ಲ. ಆದರೆ ಹೊಗಳಿಕೆಯನ್ನು ಲಂಚ ಎಂದು ಯಾವ ಇಲಾಖೆಯೂ ಹೇಳಿಲ್ಲವಲ್ಲ. "ಆಯ್ತು ಬುಡಣ್ಣ, ನಾನ್ ನೋಡ್ಕೋತೀನಿ," ಎಂದ. ಮುಂದಿನ ಸಲ ಎಂಜಿನಿಯರು ಬಂದಾಗ, "ಸಾರ್, ಈ ಕಡೆ ಕೆರೆಗೆ ಮಣ್ಣು ಬಂದ್ರೆ ಜನ ಪೂಜೆ ಮಾಡ್ತಾರೆ. ಒಡ್ಡು ಕಟ್ಟಿದ್ರೆ ಜಗಳಕ್ಕೆ ಬರ್ತಾರೆ," ಎಂದು ನಗುತ್ತ ಹೇಳಿದ. ಎಂಜಿನಿಯರು ದಿಣ್ಣೆಯನ್ನೂ ಕೆರೆಯನ್ನೂ ಒಮ್ಮೆ ನೋಡಿದರು. "ನಿಮ್ಮೂರು. ಮಣ್ಣು ನಿಮಗೆ ಗೊತ್ತಿರುತ್ತೆ. ನಿಮ್ಮ ಮಾತಿನ ಮೇಲೆ ಬಿಟ್ಟಿದ್ದೀನಿ," ಎಂದು ಜೀಪು ಹತ್ತಿದರು. ಮಣ್ಣು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವನು ನೆನಪು ಮಾಡಿಕೊಳ್ಳಲಿಲ್ಲ, ಅಷ್ಟೆ.

ಒಡ್ಡಿನ ಕಲ್ಲುಗಳು ಸುಮ್ಮನೆ ಬಿದ್ದಿರುವುದೇಕೆ ಎಂದು ಕೆರೆ ಏರಿಯ ಬೇವಿನ ಮರದ ಸುತ್ತ ಕಟ್ಟೆ ಕಟ್ಟಿಸಿದ. ಊರವರು ತಣ್ಣಗೆ ಕೂತು ಮಾತಾಡುವುದಕ್ಕೆ ಜಾಗವಾಯಿತು. ಅದಕ್ಕೂ ಹೊಗಳಿದರು.

ಮರುವರ್ಷ ರೋಹಿಣಿ ಮಳೆ ಒಂದೇ ಸಮ ಹೊಡೆಯಿತು. ಬಿಳಿದಿಣ್ಣೆಯ ರಾಶಿ ಕರಗಿ, ಕಾಲುವೆ ಕಾಲುವೆಯಾಗಿ ಸೀಳಿ, ಕೆರೆಗೆ ಇಳಿಯಿತು. ನೀರು ಅಕ್ಕಿ ತೊಳೆದ ನೀರಿನ ಬಣ್ಣ. ಕೊಡ ಹೊತ್ತು ಬಂದ ಹೆಂಗಸರು ಕೆರೆಗೆ ಹಾಲು ಬಂದೈತೆ ಕಣೇ ಎಂದು ನಕ್ಕರು. ಬಟ್ಟೆ ಒಗೆದರೆ ಬಿಳಿ ಪುಡಿ ಕೂರುತ್ತದೆ ಎಂದು ಒಬ್ಬಿಬ್ಬರು ಗೊಣಗಿದರೆ, ಗೋಡು ಬೇಕಾದರೆ ಅಷ್ಟು ತಡೆದುಕೊಳ್ಳಬೇಕು ಎಂದು ಗಂಡಸರು ಬಾಯಿ ಮುಚ್ಚಿಸಿದರು. ಬಟ್ಟೆ ಒಗೆಯುವವರು ಅವರಲ್ಲವಲ್ಲ. ಹಿಂಗಾರಿನಲ್ಲಿ ಹೊಲಗಳ ನೀರು ಬಂದು ಆ ಬಿಳುಪಿನ ಮೇಲೆ ಒಂದು ಬೆರಳಿನಷ್ಟು ಕಪ್ಪು ಹೊದಿಸಿತು. ಬೇಸಿಗೆಗೆ ಕೆರೆ ಬತ್ತಿದಾಗ ಮೇಲಿನಿಂದ ನೋಡಿದವರಿಗೆ ಕಂಡದ್ದು ಒಳ್ಳೇ ಗೋಡು, ಮೊಣಕಾಲುದ್ದ ಗೋಡು.

ಗಾಡಿಗಳು ಇಳಿದವು. ಗುದ್ದಲಿಗೆ ಎದ್ದ ಹಸಿ ಮಣ್ಣು ಮೇಲಿನ ಕಪ್ಪನ್ನು ಮೆತ್ತಿಕೊಂಡು ಬೂದಿಬಣ್ಣವಾಗಿದ್ದರಿಂದ ಅಡಿಯ ಬಿಳುಪು ಯಾರ ಕಣ್ಣಿಗೂ ಬೀಳಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: ರೇವಣ್ಣನ ಗೋಡು. ಪ್ರೀತಿಯಿಂದಲೇ ಇಟ್ಟ ಹೆಸರು. "ಮೊದ್ಲ ಗಾಡಿ ಅವ್ನ ದೊಡ್ಡಮ್ಮನ ತ್ವಾಟಕ್ಕೆ ಹೋಗ್ಲಿ," ಎಂದು ಶಂಭುಲಿಂಗಯ್ಯನೇ ಹೇಳಿದ. ಬರೀ ಮೊದಲ ಗಾಡಿಯಲ್ಲ. ದಿಣ್ಣೆಯ ನೀರು ಕೆರೆಗೆ ಇಳಿಯುವ ಬಾಯಿ, ಎಲ್ಲಕ್ಕಿಂತ ದಪ್ಪಗೆ ಹೂಳು ಕೂತ ಜಾಗ, ಅದನ್ನು ಊರು ಗುರುಸಿದ್ದಮ್ಮನಿಗೆ ಎಂದೇ ಬಿಟ್ಟುಕೊಟ್ಟಿತು. ಮಿಕ್ಕವರು ದೂರದಲ್ಲಿ, ಹಳೇ ಗೋಡಿನ ಜೊತೆ ಬೆರೆತದ್ದನ್ನು ತುಂಬಿಕೊಂಡರು. ರೇವಣ್ಣ ತೋಟದಲ್ಲಿ ನಿಂತು, ಇಲ್ಲಿ ಹಾಕಿ, ಇನ್ನೂ ಹಾಕಿ, ದಪ್ಪಗೆ ಹರಡಿ ಎಂದು ಕೈ ಬೀಸಿ ಹೇಳಿದ. ಗುರುಸಿದ್ದಮ್ಮ, "ಸಾಕು ಕಣಪ್ಪ, ಅಷ್ಟೊಂದು ಬ್ಯಾಡ," ಎಂದಳು. "ನಿಂಗ್ಯಾಕೆ, ನಾನಿಲ್ವಾ!" ಎಂದ. ಹುಡುಗನ ಹಿಗ್ಗು ನೋಡುವುದೇ ಅವಳಿಗೂ ಒಂದು ಹಿಗ್ಗಾಗಿತ್ತು.

ಮಳೆ ಬಂತು. ಬೇರೆಯವರ ತೋಟದಲ್ಲಿ ನೀರು ಇಂಗಿತು. ಗುರುಸಿದ್ದಮ್ಮನ ತೋಟದಲ್ಲಿ ಪ್ರತಿ ಮರದ ಬುಡದಲ್ಲೂ ನಿಂತಿತು. ನಿಂತ ನೀರು ನಿಂತೇ ಇತ್ತು, ಆಮೇಲೆ ಬಿಸಿಲಿಗೆ ಆರಿಹೋಯಿತು; ಬೇರಿಗೆ ಮಾತ್ರ ತಲುಪಲಿಲ್ಲ. ಮುಂದಿನ ಬೇಸಿಗೆ ಹೊತ್ತಿಗೆ ಗರಿಗಳು ಹಳದಿಯಾಗಿ ಜೋತುಬಿದ್ದವು. ಹೊಂಬಾಳೆ ಬರುವುದು ನಿಂತಿತು. ಬಂದಿದ್ದ ಹೀಚು ಉದುರಿ ನೆಲದ ಮೇಲೆ ಉರುಳಾಡಿದವು. ಕಾಡಸಿದ್ದಪ್ಪ ಬೇಲಿಯ ಆಚೆ ನಿಂತು ಒಂದು ಮಾತೂ ಆಡದೆ ನೋಡುತ್ತಿದ್ದ. ಅವನು ಮಾತಾಡದೆ ಇದ್ದ ದಿನಗಳೇ ಹೆದರಿಕೆಯ ದಿನಗಳು.

ರೇವಣ್ಣ ಒಂದು ಭಾನುವಾರ ಹಾರೆ ತಂದು ಮರದ ಬುಡಕ್ಕೆ ಹಾಕಿದ. ಠಣ್ಣೆಂದಿತು. ಬಲವಾಗಿ ಮೀಟಿದರೆ ಒಂದು ಹೆಂಟೆ ಎದ್ದಿತು. ಮೇಲೆ ಒಂದಿಷ್ಟು ಕಪ್ಪು, ಅಡಿಗೆ ಬರೀ ಬಿಳುಪು, ನುಣ್ಣಗೆ, ಗಟ್ಟಿಯಾಗಿ. ಅವನು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದ.

ಅದು ಸುದ್ದೆ. ಮನೆಮನೆಯ ಹೆಂಗಸರು ಒಲೆಯ ಮುಂದೆ, ಗೋಡೆಯ ಬುಡಕ್ಕೆ ಬಳಿಯುವ ಬಿಳಿ ಮಣ್ಣು. ಹಬ್ಬ ಬಂತೆಂದರೆ ದೊಡ್ಡಮ್ಮ ಅವನ ತಲೆಯ ಮೇಲೆ ಮಂಕರಿ ಇಟ್ಟು, ಹೋಗಪ್ಪ ಬಿಳಿದಿಣ್ಣೆಗೆ, ಆಳವಾಗಿ ಕೆದಕಿ ಸುದ್ದೆ ತಗೊಂಡು ಬಾ ಎಂದು ಕಳಿಸುತ್ತಿದ್ದಳು. ಅವಳು ಅದನ್ನು ನೆನೆಸಿ, ಕಲಸಿ, ನೆಲಕ್ಕೆ ಬಳಿದು ಒಣಗಿಸಿದಳೆಂದರೆ ಮೇಲೆ ಚೆಲ್ಲಿದ ನೀರು ಇಂಗುತ್ತಿರಲಿಲ್ಲ, ಬಟ್ಟೆಯಲ್ಲಿ ಒರೆಸಬೇಕಾಗುತ್ತಿತ್ತು. ಆ ದಿಣ್ಣೆಗೆ ಬಿಳಿದಿಣ್ಣೆ ಎಂದು ಹೆಸರು ಯಾಕೆ ಬಂತು ಎಂದು ಊರ ಮಕ್ಕಳಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಆ ಕಾಗದ ಬರೆದವನು ಸಿದ್ದರಕಟ್ಟೆ ಕಂಡವನಲ್ಲ, ಆದರೂ 'ಒಳಮಣ್ಣು' ಎಂದು ಬರೆದಿದ್ದ. ಓದಿದವನು ಅದೇ ಒಳಮಣ್ಣನ್ನು ತಲೆಯ ಮೇಲೆ ಹೊತ್ತು ಬೆಳೆದವನು. ದೊಡ್ಡಮ್ಮನ ತೋಟವನ್ನು ಅವನು ತನ್ನ ಕೈಯಾರೆ ಒಂದು ಅಡುಗೆಮನೆಯ ನೆಲ ಮಾಡಿದ್ದ. ನಾಚಿಕೆಯಿಂದ ಅವನ ಕಿವಿ ಸುಟ್ಟವು. ಸುತ್ತ ಯಾರೂ ಇರಲಿಲ್ಲ, ಆದರೂ ಸುಟ್ಟವು.

ಆವತ್ತೇ ಹೇಳಿಬಿಡಬೇಕು ಎಂದು ಮನೆಗೆ ಬಂದ. ಗುರುಸಿದ್ದಮ್ಮ ಕಾಯಿ ತುರಿಯುತ್ತಿದ್ದಳು.

"ದೊಡ್ಡಮ್ಮ, ಆ ಗೋಡು ಯಾಕೋ ಸರಿಯಿಲ್ಲ. ತೆಗ್ಸಿಬುಡಾನ."

"ಹೂಂ. ತೆಗಿ."

ಅವಳು ಯಾಕೆ ಎಂದು ಕೇಳಲಿಲ್ಲ. ಈಳಿಗೆ ಮಣೆ ಬಿಟ್ಟು ತಲೆಯೆತ್ತಿ ಅವನನ್ನು ನೋಡಿದಳು. "ಇನ್ನೇನಾರ ಹೇಳೋದೈತಾ?" ಎಂದಳು.

"ಇಲ್ಲ," ಎಂದ ರೇವಣ್ಣ.

ಆಮೇಲೆ ರಜೆ ಸಿಕ್ಕಾಗಲೆಲ್ಲ ಬನಿಯನ್ನಿನಲ್ಲಿ ನಿಂತು ಸುದ್ದೆ ಕಿತ್ತ. ಅಂಗೈ ಬೊಬ್ಬೆಯೆದ್ದು ಒಡೆಯಿತು. ನೋವಿಗೆ ಅವನು ಹೆದರಲಿಲ್ಲ, ಬೇಲಿಯ ಪಕ್ಕದ ದಾರಿಯಲ್ಲಿ ಹೋಗುವವರ ಮಾತಿಗೆ ಹೆದರಿದ. "ನೋಡ್ರಪ್ಪ, ಹೆತ್ತ ಮಗ ಮಾಡ್ತಾನಾ ಹಿಂಗೆ? ಆಫೀಸರಾಗಿ ದೊಡ್ಡಮ್ಮಂಗೋಸ್ಕರ ಹಾರೆ ಹಿಡ್ದವ್ನೆ!" ಹುಚ್ಚಣ್ಣನಂತೂ ತನ್ನ ಮಗನನ್ನು ಕರೆತಂದು, ನೋಡು ಕಲ್ತ್ಕೋ ಎಂದು ಬೇಲಿಯ ಪಕ್ಕ ನಿಲ್ಲಿಸಿ ತೋರಿಸಿದ. ರೇವಣ್ಣ ತಲೆ ಎತ್ತದೆ ಅಗೆದ. ಅಗೆದಷ್ಟೂ ಅವನ ಹೆಸರು ಬೆಳೆಯುತ್ತಿತ್ತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

ಮರಗಳು ಅವನಿಗಾಗಿ ಕಾಯಲಿಲ್ಲ. ಕಾಡಸಿದ್ದಪ್ಪನೂ ಕಾಯಲಿಲ್ಲ. ಹಿರಿಯರನ್ನು ಕರೆಸಿದ.

ಪಂಚಾಯ್ತಿ ಕೂತದ್ದು ಬೇವಿನ ಕಟ್ಟೆಯ ಮೇಲೆ, ಬೆಳಗಿನ ಹೊತ್ತು, ನೆರಳು ಇರುವಾಗ. ರೇವಣ್ಣ ಕಟ್ಟೆಯ ಒಂದು ತುದಿಗೆ ಕೂತ. ಒಡ್ಡಿಗೆಂದು ಬಂದ ಕಲ್ಲು ಅವನ ತೊಡೆಯ ಕೆಳಗೆ ತಣ್ಣಗೆ ಇತ್ತು.

ಕಾಡಸಿದ್ದಪ್ಪ ಕೈಮುಗಿದು ಶುರು ಮಾಡಿದ. ಒಳ್ಳೇ ಮಾತುಗಾರ. "ನಾನು ಕೆಟ್ಟವ್ನು ಅನ್ಕಳಿ, ಚಿಂತೆಯಿಲ್ಲ. ಎಲ್ರೂ ಗೋಡು ಹಾಕ್ಸಿದ್ರು. ಯಾರ ತ್ವಾಟ ಕೆಡ್ತು? ನಮ್ಮತ್ಗೆ ಒಬ್ರುದು. ಯಾಕೆ? ಗೇಣುದ್ದ ಹಾಕೋ ಕಡೆ ಮೊಳದುದ್ದ ಹಾಕ್ಸವ್ರೆ. ಮಗ ಆಫೀಸರು, ಊರ ಗೋಡೆಲ್ಲ ನಂದೇ ಅಂತ ಆಸೆ. ಬೇರು ಉಸ್ರು ಕಟ್ಟಿ ಸಾಯ್ತಾ ಐತೆ. ಗೋಡು ಹಾಕೋ ಅಂದಾಜು ಗೊತ್ತಿಲ್ದೋರ ಕೈಲಿ ತ್ವಾಟ ಇರ್ಬೋದಾ, ನೀವೇ ಹೇಳಿ."

ಅವನು ಹೇಳಿದ್ದರಲ್ಲಿ ಬೇರು ಉಸಿರುಕಟ್ಟಿದ್ದು ನಿಜ. ಅದಕ್ಕೆ ಕೊಟ್ಟ ಕಾರಣ ಸುಳ್ಳು ಎಂದು ಗೊತ್ತಿದ್ದವನು ಕಟ್ಟೆಯ ಮೇಲೆ ತಾನೊಬ್ಬನೇ ಎಂದು ರೇವಣ್ಣ ತಿಳಿದಿದ್ದ.

"ಏನವ್ವ ಗುರುಸಿದ್ದಮ್ಮ, ನೀನೇನಂತೀಯ?" ಎಂದ ಶಂಭುಲಿಂಗಯ್ಯ.

ಗುರುಸಿದ್ದಮ್ಮ ಎದ್ದು ನಿಂತಳು. ಸೆರಗನ್ನು ಭುಜದ ಮೇಲೆ ಸರಿ ಮಾಡಿಕೊಂಡಳು. ಅವಳು ಎಂದೂ ನಿಧಾನದ ಹೆಂಗಸಲ್ಲ, ಪಟಪಟನೆ ಮಾತಾಡಿ ಮುಗಿಸುವವಳು. ಆವತ್ತು ಮಾತಿಗೊಂದು ಸಲ ನಿಂತಳು.

"ಮಣ್ಣು ಹಾಕ್ಸಿದ್ದು... ನಿಜ," ಎಂದಳು. "ದಪ್ಪಗೆ ಹಾಕ್ಸಿದ್ದೂ ನಿಜ."

ರೇವಣ್ಣನ ನಾಲಗೆಯ ತುದಿಯಲ್ಲಿ ಮಾತು ಸಿದ್ಧವಾಗಿ ಕೂತಿತ್ತು. ಅದು ಗೋಡಲ್ಲ, ಸುದ್ದೆ. ತಡೆಯಬೇಕಾದವನು ನಾನು, ಬಿಟ್ಟವನು ನಾನು, ದಪ್ಪಗೆ ಹಾಕಿಸಿದವನೂ ನಾನು. ಇಷ್ಟೇ. ಏಳಬೇಕು, ಹೇಳಬೇಕು, ಕೂರಬೇಕು. ಅವನು ಎದುರಿಗೆ ಕೂತವರ ಮುಖಗಳನ್ನು ನೋಡಿದ. ಎಲ್ಲ ಮುಖಗಳೂ ಅವನ ಮೇಲೆ ಅಭಿಮಾನದಿಂದ ಬೆಳಗುತ್ತಿದ್ದವು. ಹುಚ್ಚಣ್ಣ ಅವನಿಗೆ ಕಣ್ಣಲ್ಲೇ ಧೈರ್ಯ ಹೇಳಿದ, ಪಾಪ, ಹುಡುಗನಿಗೆ ಎಷ್ಟು ಸಂಕಟವೋ ಎಂಬ ಹಾಗೆ. ಈ ಬೆಳಕು ಆರಿಹೋಗುವುದನ್ನು ನೋಡುವ ಶಕ್ತಿ ರೇವಣ್ಣನಿಗೆ ಇರಲಿಲ್ಲ.

"ಯಾರಾರ ಒಂಚೂರು ನೀರು ಕೊಡ್ರಪ್ಪ," ಎಂದಳು ಗುರುಸಿದ್ದಮ್ಮ. ಯಾರೋ ಚೊಂಬು ತಂದರು. ಅವಳು ಗುಟುಕು ಗುಟುಕಾಗಿ ಕುಡಿದಳು. ಚೊಂಬನ್ನು ಕೆಳಗಿಟ್ಟಳು. ಬಾಯಿ ಒರೆಸಿಕೊಂಡಳು. ರೇವಣ್ಣನ ಕಡೆ ಒಮ್ಮೆ ನೋಡಿದಳು. ಅವನು ಕಟ್ಟೆಯ ಕಲ್ಲಿನ ಸಂದಿಯನ್ನು ನೋಡುತ್ತಿದ್ದ.

"ನಂದೇ ತಪ್ಪು," ಎಂದಳು ಆಗ, ಮಾಮೂಲಿನ ಹಾಗೆ ಬೇಗ ಬೇಗನೆ. "ಆಸೆ ಬಿದ್ದೆ. ಸಾಕು ಅನ್ನೋದು ಗೊತ್ತಾಗ್ನಿಲ್ಲ. ತ್ವಾಟ ಅವ್ರೇ ನೋಡ್ಕಳ್ಳಿ."

ಶಂಭುಲಿಂಗಯ್ಯ ನಿಟ್ಟುಸಿರು ಬಿಟ್ಟು ಹಳೇ ಮಾತಿನಂತೆ ತೀರ್ಮಾನ ಹೇಳಿದ. ತೋಟ ಕಾಡಸಿದ್ದಪ್ಪನ ಸುಪರ್ದಿಗೆ ಹೋಯಿತು. ಜನ ಎದ್ದರು. ರೇವಣ್ಣ ಹಿಡಿದಿದ್ದ ಉಸಿರು ಬಿಟ್ಟ. ಹೌದು, ಅವನಿಗೆ ಆ ಗಳಿಗೆಯಲ್ಲಿ ಹಗುರವಾಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಒಂದು ಉಸಿರಿಗೆ ಅವನು ಆಮೇಲೆ ಪಟ್ಟ ನಾಚಿಕೆ, ಸುದ್ದೆಗೆ ಪಟ್ಟಿದ್ದಕ್ಕಿಂತ ದೊಡ್ಡದು.

ಮಧ್ಯಾಹ್ನ ಗುರುಸಿದ್ದಮ್ಮ ಒಲೆಯ ಮುಂದೆ ಮಣೆ ಹಾಕಿ ಅವನಿಗೆ ಮುದ್ದೆ ಬಡಿಸಿದಳು. ಸೊಪ್ಪಿನ ಸಾರು ಬಿಟ್ಟಳು. ಅವನು ಮುದ್ದೆ ಮುರಿದ, ಸಾರಿನಲ್ಲಿ ಅದ್ದಿದ, ತುತ್ತನ್ನು ಕೈಯಲ್ಲೇ ಹಿಡಿದು ಕೂತ. ಮಣೆಯ ಸುತ್ತ ನೆಲ ಬಿಳಿಯಾಗಿ ನುಣ್ಣಗೆ ಹೊಳೆಯುತ್ತಿತ್ತು. ಲೋಟದಿಂದ ತುಳುಕಿದ ನೀರು ಅದರ ಮೇಲೆ ಹನಿಯಾಗಿಯೇ ನಿಂತಿತ್ತು.

ಗುರುಸಿದ್ದಮ್ಮ ಆ ಹನಿಯನ್ನು ಬೆರಳಲ್ಲಿ ಸವರಿದಳು.

"ಹೋದ ವರ್ಸ ಮರದ ಬುಡ ಗುಡಿಸ್ತಾ ಕೈಯಾಕಿ ನೋಡ್ದೆ," ಎಂದಳು. "ಜನ್ಮೆಲ್ಲ ನೆಲ ಬಳ್ದಿರೋ ಕೈ ಇದು. ಗೊತ್ತಾಗ್ದೆ ಇರ್ತದಾ?"

ರೇವಣ್ಣನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ಗೊತ್ತಿದ್ದೂ ಯಾಕೆ ದೊಡ್ಡಮ್ಮ..."

"ನೀನ್ ಹೇಳ್ಲಿ ಅಂತ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಕಾಲಿಗೆ ಬೀಳಬಹುದಾಗಿತ್ತು. "ಬೆಳಿಗ್ಗೆ ನೀರು ಕೇಳ್ದೆ ನೋಡು. ನಂಗೇನು ಬಾಯಾರ್ಕೆ ಆಗಿರ್ನಿಲ್ಲ ಕಣಪ್ಪ."

ಅಷ್ಟು ಹೇಳಿ ಅವಳು ಇನ್ನೊಂದು ಸೌಟು ಸಾರು ಬಿಟ್ಟಳು. ಉಣ್ಣು, ಆರ್ಹೋಯ್ತದೆ ಎಂದಳು.

ಮಾರನೆಯ ಬೆಳಿಗ್ಗೆ ರೇವಣ್ಣ ಶಂಭುಲಿಂಗಯ್ಯನ ಜಗಲಿಗೆ ಹೋದ. ಕಾಡಸಿದ್ದಪ್ಪ ಇದ್ದ, ಹುಚ್ಚಣ್ಣ ಇದ್ದ, ಇನ್ನೂ ನಾಲ್ಕಾರು ಜನ ಇದ್ದರು. ಅವನು ಕೂರಲಿಲ್ಲ. ನಿಂತೇ ಹೇಳಿದ. ಷರತ್ತು ಏನಿತ್ತು, ತಾನು ಓದಿದ್ದು, ನಕ್ಕಿದ್ದು, ಎಂಜಿನಿಯರಿಗೆ ಹೇಳಿದ್ದು, ಒಡ್ಡಿನ ಕಲ್ಲು ಕಟ್ಟೆಯಾದದ್ದು, ಕೆರೆಬಾಯಲ್ಲಿ ಕೂತದ್ದು ಗೋಡಲ್ಲ ಬರೀ ಸುದ್ದೆ ಎಂಬುದು, ದೊಡ್ಡಮ್ಮ ಸಾಕು ಎಂದರೂ ಕೇಳದೆ ತಾನೇ ಹಾಕಿಸಿದ್ದು. ಒಂದನ್ನೂ ಬಿಡಲಿಲ್ಲ. ಕೊನೆಗೆ ಚೀಲದಿಂದ ಬಿಳಿ ಹೆಂಟೆ ತೆಗೆದು ಜಗಲಿಯ ಮೇಲೆ ಇಟ್ಟ.

ಕಾಡಸಿದ್ದಪ್ಪ ಹೆಂಟೆಯನ್ನು ಎತ್ತಿಕೊಂಡು, ತಿರುಗಿಸಿ ನೋಡಿ, ಮೀಸೆಯಡಿ ನಕ್ಕ. "ಏನ್ಲಾ, ನಿಮ್ಮ ದೊಡ್ಡಮ್ಮನ ಒಲೆ ಮುಂದ್ಲ ನೆಲ ಕಿತ್ಕೊಂಡು ಬಂದಿದ್ದೀಯಾ?"

ಎಲ್ಲರೂ ನಕ್ಕರು. ಕುಹಕದ ನಗುವಲ್ಲ, ಅಕ್ಕರೆಯ ನಗು. ಅದೇ ಕಷ್ಟ.

"ಅಲ್ಲಣ್ಣ, ನಿಜ ಹೇಳ್ತಿದ್ದೀನಿ. ಬನ್ನಿ, ತ್ವಾಟದಲ್ಲೇ ತೋರಿಸ್ತೀನಿ."

"ತ್ವಾಟದಾಗಿರೋದ್ನೆಲ್ಲ ನೀನೇ ಕಿತ್ತಾಕಿದ್ದೀಯಲ್ಲಪ್ಪ, ಇನ್ನೇನ್ ತೋರಿಸ್ತೀಯ," ಎಂದ ಶಂಭುಲಿಂಗಯ್ಯ. ಎದ್ದು ಬಂದು ಅವನ ಹೆಗಲ ಮೇಲೆ ಕೈ ಹಾಕಿದ. ಮುದುಕನ ಕಣ್ಣು ತೇವವಾಗಿದ್ದವು. "ನಂಗರ್ಥ ಆಯ್ತದೆ ಕಣಪ್ಪ. ಸಾಕಿದ ಋಣ. ದೊಡ್ಡಮ್ಮನ ಮ್ಯಾಲಿನ ಮಾತು ನಿನ್ನ ಮ್ಯಾಲೆ ಹಾಕ್ಕಳಕ್ಕೆ ಬಂದಿದ್ದೀಯ. ಆದ್ರೆ ಅವ್ಳೇ ಎಲ್ರ ಮುಂದೆ ಒಪ್ಕಂಡವ್ಳೆ. ನಿಜ ಆಗಿದ್ರೆ ನೀನು ಅಲ್ಲೇ ಕುಂತಿದ್ಯಲ್ಲ, ಆಗ್ಲೇ ಎದ್ದು ಹೇಳ್ತಿರ್ನಿಲ್ವಾ?"

ಅದಕ್ಕೆ ಇದ್ದ ಉತ್ತರವನ್ನು ರೇವಣ್ಣ ಯಾವ ಬಾಯಲ್ಲಿ ಹೇಳುವುದು? ನಿಮ್ಮ ಮುಖ ನೋಡಿ ಹೇಳಲಾರದೆ ಹೋದೆ ಎಂದರೆ ಅದಕ್ಕೂ ಇವರು ಮೆಚ್ಚಿಕೊಳ್ಳುತ್ತಿದ್ದರೇನೋ.

"ಇಂಥ ಮಗ ಊರಿಗೊಬ್ನಿರ್ಬೇಕು," ಎಂದ ಹುಚ್ಚಣ್ಣ.

ಹೆಂಟೆಯನ್ನು ಜಗಲಿಯ ಮೇಲೇ ಬಿಟ್ಟು ರೇವಣ್ಣ ಮನೆಗೆ ಬಂದ. ದಾರಿಯಲ್ಲಿ ಇಬ್ಬರು ನಮಸ್ಕಾರ ಮಾಡಿದರು. ಆಗಲೇ ಸುದ್ದಿ ಅವನಿಗಿಂತ ಮುಂದೆ ಓಡಿತ್ತು.

ಗುರುಸಿದ್ದಮ್ಮ ಹಿತ್ತಲಲ್ಲಿ ಕೂತಿದ್ದಳು. ತೋಟಕ್ಕೆ ಹೋಗುವ ಹೊತ್ತು, ಹೋಗುವುದಕ್ಕೆ ತೋಟವಿರಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಬಿಚ್ಚಿ ಹೊದ್ದುಕೊಂಡಿದ್ದಳು. ಅವಳು ಹಾಗೆ ಕೂತದ್ದನ್ನು ರೇವಣ್ಣ ಎಂದೂ ನೋಡಿರಲಿಲ್ಲ.

"ಹೇಳಿದ್ಯಾ?" ಎಂದಳು.

"ಹೇಳ್ದೆ ದೊಡ್ಡಮ್ಮ. ಎಲ್ಲಾನೂ ಹೇಳ್ದೆ."

"ನಂಬಿದ್ರಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ.

ಗುರುಸಿದ್ದಮ್ಮ ಹಿತ್ತಲ ಬೇಲಿಯಾಚೆ ದೂರದಲ್ಲಿ ಕಾಣುವ ಹಳದಿ ತಿರುಗಿದ ಗರಿಗಳ ಕಡೆ ನೋಡುತ್ತ, ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು.

"ನಿನ್ನೆ ಹೇಳಿದ್ರೆ ನಂಬೋರು ಕಣಪ್ಪ."